ಜಮೀನು ಮಾರಿ ಕೋಟಿ ಬಂದ್ರೆ ನೆಮ್ಮದಿ ಬರುತ್ತಾ? ಮಾರಿದವರು ಹೇಳಿ

ಬಯಲುಸೀಮೆ ಮಗ

ಎಲ್ಲರಿಗೂ ನಮಸ್ಕಾರ. ನಮ್ಮೂರು ದೇವನಹಳ್ಳಿ ತಾಲೂಕು, ವಿಜಯಪುರದ ಕಡೆ. ತಾತನ ಕಾಲದಿಂದ ಬಂದ ಮೂರೂವರೆ ಎಕರೆ ಇದೆ. ಪಹಣಿ ಅಪ್ಪನ ಹೆಸರಲ್ಲಿದೆ. ಒಂದೂವರೆ ಎಕರೆ ಹಿಪ್ಪುನೇರಳೆ, ಅಪ್ಪ ಅಮ್ಮ ರೇಷ್ಮೆ ಹುಳ ಮೇಯಿಸುತ್ತಾರೆ. ಮೊದಲು ಒಂದು ಎಕರೆ ದ್ರಾಕ್ಷಿಯೂ ಇತ್ತು. ಬೋರು ಕೈಕೊಟ್ಟ ವರ್ಷ ಕಿತ್ತು ಹಾಕಿದೆವು, ಈಗ ಅದೂ ಸೇರಿ ರಾಗಿ ಹೊಲ. ನಾನು ಯಲಹಂಕದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ, ಒಂದು ಗೋಡೌನ್ ಕಂಪನಿಯಲ್ಲಿ ಸೂಪರ್‌ವೈಸರ್ ಕೆಲಸ. ತಮ್ಮ ಊರಲ್ಲೇ ಇದ್ದುಕೊಂಡು ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ತಂಗಿ ಮದುವೆಯಾಗಿ ಚಿಂತಾಮಣಿಯಲ್ಲಿದ್ದಾಳೆ.

ವಿಷಯ ಏನಂದ್ರೆ, ಕಳೆದ ವರ್ಷದಿಂದ ಬ್ರೋಕರ್‌ಗಳು ಬಾಗಿಲು ಬಿಟ್ಟು ಹೋಗುತ್ತಿಲ್ಲ. ಅವರು ಹೇಳುವ ರೇಟು ಕೇಳಿದರೆ, ನಾನು ರಿಟೈರ್ ಆಗುವವರೆಗೆ ದುಡಿದರೂ ಒಂದು ಎಕರೆಯ ದುಡ್ಡು ಆಗಲ್ಲ. ತಮ್ಮ ಆಗಲೇ ಯಾವ ಕಾರು ಅಂತ ನೋಡಿಟ್ಟಿದ್ದಾನೆ. ಅಪ್ಪ ಮಾತ್ರ ಸುತರಾಂ ಒಪ್ಪುತ್ತಿಲ್ಲ. ವಯಸ್ಸು ಅರವತ್ತೇಳು, ಬಿಪಿ ಶುಗರ್ ಎರಡೂ ಇದೆ, ಹೋದ ಸಲ ಕೊರೆಸಿದ ಬೋರಿನ ಸಾಲ ಇನ್ನೂ ನಾಲ್ಕು ಲಕ್ಷ ಬಾಕಿ. ಆದರೂ ಬೇಡ ಅಂತಾರೆ.

"ದುಡ್ಡು ತಗೊಂಡು ಏನ್ ಮಾಡ್ತೀಯ?" ಅಂತ ಕೇಳಿದರು. ಮನೆ ಕಟ್ಟಿಸೋಣ ಅಂದೆ. "ಆಮೇಲೆ?" ಮಕ್ಕಳಿಗೆ ಒಳ್ಳೆ ಸ್ಕೂಲು ಅಂದೆ. "ಆಮೇಲೆ?" ಬಡ್ಡಿ ಹಣದಲ್ಲಿ ಆರಾಮಾಗಿ ಇರಬಹುದಲ್ವಾ ಅಂದೆ. ನಗಲೂ ಇಲ್ಲ, ಬೈಯಲೂ ಇಲ್ಲ, ಕುಡುಗೋಲು ತಗೊಂಡು ಸೊಪ್ಪು ಕೊಯ್ಯಲು ಹೋದರು.

ನನಗೆ ಅನಿಸೋದು ನೇರವಾಗಿ ಹೇಳುತ್ತೇನೆ. "ದುಡ್ಡಲ್ಲಿ ಸುಖ ಇಲ್ಲ" ಅನ್ನುವವರೆಲ್ಲ ದುಡ್ಡು ಇರುವವರೇ. ಇಲ್ಲದವರು ಯಾರೂ ಹಾಗೆ ಹೇಳಿದ್ದು ನಾನು ಕೇಳಿಲ್ಲ. ಆದರೆ ಅಪ್ಪನ ಆ "ಆಮೇಲೆ" ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಸುತ್ತಮುತ್ತ ಮಾರಿದವರು, ದುಡ್ಡು ಬಂದು ಐದು ಹತ್ತು ವರ್ಷ ಆದವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ. ಈಗ ಹೇಗಿದ್ದೀರಿ? ಉಪದೇಶ ಬೇಡ, ನಡೆದಿದ್ದು ಹೇಳಿ ಸಾಕು.

ಟೀ ಅಂಗಡಿ ಬೆಂಚು

ನಂಗೆ ಒಂದು ಎಕರೆ ಕೊಡಿ ಗುರು. ಸುಖ ಬರುತ್ತಾ ಇಲ್ವಾ ಅಂತ ನಾನೇ ಟೆಸ್ಟ್ ಮಾಡಿ ವರದಿ ಕೊಡ್ತೀನಿ.

ಹಳೇ ರನ್‌ವೇ

ನಮ್ಮದು ಏರ್‌ಪೋರ್ಟ್ ಶುರುವಾಗುವ ಮೊದಲೇ ಹೋಯ್ತು. ಏರ್‌ಪೋರ್ಟ್ ಓಪನ್ ಆಗಿದ್ದು 2008ರ ಮೇ ತಿಂಗಳಲ್ಲಿ, ಅದಕ್ಕೆ ಎರಡು ಮೂರು ವರ್ಷ ಮುಂಚೆ ನಮ್ಮ ಕಡೆ ರೇಟು ಏರೋಕೆ ಶುರುವಾಗಿತ್ತು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಸೇರಿ ಪೂರ್ತಿ ಮಾರಿದರು. ಈಗಿನ ರೇಟಿಗೆ ಹೋಲಿಸಿದರೆ ಅದು ಕಡಲೆಪುರಿ ದುಡ್ಡು, ಆದರೆ ಅವತ್ತಿಗೆ ನಮ್ಮ ವಂಶದಲ್ಲಿ ಯಾರೂ ಕಂಡಿರದ ಮೊತ್ತ.

ಮೊದಲ ವರ್ಷ ಹಬ್ಬ ಬ್ರದರ್. ಮೂರು ಮನೆ ಎದ್ದವು, ಮೂರಕ್ಕೂ ಗ್ರಾನೈಟು. ಅಕ್ಕನ ಮದುವೆಗೆ ಮೂರು ಊರಿಗೆ ಊಟ ಹಾಕಿಸಿದೆವು. ಅಮ್ಮನಿಗೆ ಹಾರ್ಟ್ ಆಪರೇಷನ್ ಆಯಿತು, ದುಡ್ಡು ಇಲ್ಲದಿದ್ದರೆ ಅಮ್ಮ ಇವತ್ತು ಇರುತ್ತಿರಲಿಲ್ಲ, ಇದನ್ನು ನಾನು ಯಾವತ್ತೂ ಮರೆಯಲ್ಲ. ನಾನು ಇಂಜಿನಿಯರಿಂಗ್ ಓದಿದ್ದೂ ಅದೇ ದುಡ್ಡಲ್ಲಿ.

ತೊಂದರೆ ಶುರುವಾಗಿದ್ದು ಬೆಳಗಿನ ಹೊತ್ತಲ್ಲಿ. ನಗಬೇಡಿ. ದೊಡ್ಡಪ್ಪ ಜೀವನ ಪೂರ್ತಿ ನಾಲ್ಕೂವರೆಗೆ ಎದ್ದವರು. ಮಾರಿದ ಮೇಲೂ ನಾಲ್ಕೂವರೆಗೇ ಏಳುತ್ತಿದ್ದರು. ಎದ್ದು ಏನು ಮಾಡೋದು? ಹೊಸ ಮನೆ ಗೇಟು ತೆಗೆದು ರಸ್ತೆ ನೋಡಿಕೊಂಡು ನಿಲ್ಲುತ್ತಿದ್ದರು. ಆಮೇಲೆ ಎರಡು ಸೀಮೆ ಹಸು ತಂದರು. ಬ್ಯಾಂಕಲ್ಲಿ ಅಷ್ಟು ದುಡ್ಡು ಇಟ್ಟುಕೊಂಡು ಡೈರಿಗೆ ಹಾಲು ಹಾಕೋಕೆ ಕ್ಯಾನು ಹಿಡಿದು ಹೋಗುತ್ತಾರಲ್ಲ ಅಂತ ಅವರ ಮಕ್ಕಳಿಗೆ ಅವಮಾನ. ಹುಲ್ಲು ಬೇರೆ ದುಡ್ಡು ಕೊಟ್ಟು ತರಬೇಕಿತ್ತು, ಲೆಕ್ಕ ಹಾಕಿದರೆ ಲಾಸೇ. ಆದರೆ ಮೂರು ಮನೆಯಲ್ಲಿ ಕೊನೆಯವರೆಗೂ ಚೆನ್ನಾಗಿದ್ದವರು ಅಂದ್ರೆ ಅವರೊಬ್ಬರೇ.

ಚಿಕ್ಕಪ್ಪ ಬೇಕರಿ ಮುಂದೆ ಕೂತರು. ಕೂತವರ ಹತ್ತಿರ ದುಡ್ಡು ಇದೆ ಅಂತ ಊರಿಗೆಲ್ಲ ಗೊತ್ತು. ಒಬ್ಬ ಫೈನಾನ್ಸ್ ಅಂದ, ಒಬ್ಬ ಲೇಔಟ್ ಪಾರ್ಟ್ನರ್‌ಶಿಪ್ ಅಂದ, ಇನ್ನೊಬ್ಬ ಇಸ್ಪೀಟು ಕಲಿಸಿದ. ಐದಾರು ವರ್ಷದಲ್ಲಿ ಮನೆ ಮೇಲೆ ಸಾಲ. ಅಷ್ಟರಲ್ಲಿ ಅತ್ತೆಯರಿಬ್ಬರು ಪಾಲು ಕೇಳಿ ಕೇಸು ಹಾಕಿದರು, ಅವರದ್ದೇನೂ ತಪ್ಪಿಲ್ಲ, ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಈಗಲೂ ಮದುವೆ ಮನೆಯಲ್ಲಿ ಎದುರಾದರೆ ಒಬ್ಬರ ಮುಖ ಒಬ್ಬರು ನೋಡಲ್ಲ.

ದುಡ್ಡು ನಮ್ಮನ್ನು ಹಾಳು ಮಾಡಿತು ಅಂತ ನಾನು ಹೇಳಲ್ಲ. ಕೈಗೆ ಕೆಲಸ ಇಲ್ಲದೇ ಹೋಯ್ತು, ಜೊತೆಗೆ ದುಡ್ಡು ಇತ್ತು. ಎರಡೂ ಒಟ್ಟಿಗೆ ಬಂದಿದ್ದು ಕಷ್ಟವಾಯಿತು. ನಿಮ್ಮ ಅಪ್ಪ "ಆಮೇಲೆ" ಅಂತ ಕೇಳುತ್ತಿರೋದು ಇದನ್ನೇ ಇರಬಹುದು. ಅವರು ಬೆಳಗ್ಗೆ ಎದ್ದು ಏನು ಮಾಡಬೇಕು ಅಂತ ನೀವು ಹೇಳಿಲ್ಲವಲ್ಲ.

ಸೀನ ಗೌರಿಬಿದನೂರು

ಮೇಲಿನ ಅಣ್ಣ ಹೇಳಿದ್ದು ಸರಿ, ಆದರೆ ಇಂಥ ಕಥೆಗಳನ್ನೇ ಎಲ್ಲರೂ ಹೇಳೋದು. ಮಾರಿ ಚೆನ್ನಾಗಿರುವವರು ಎದ್ದು ಬಂದು ಹೇಳಲ್ಲ, ಯಾಕಂದ್ರೆ ಸಾಲ ಕೇಳೋಕೆ ಜನ ಬರುತ್ತಾರೆ. ನಾನು ಹೇಳುತ್ತೇನೆ.

ನಾವು ಯಲಹಂಕದ ಆಚೆ ಒಂದೂವರೆ ಎಕರೆ ಮಾರಿದೆವು. ಆ ದುಡ್ಡಲ್ಲಿ ಅರ್ಧದಷ್ಟಕ್ಕೆ ಗೌರಿಬಿದನೂರು ಕಡೆ ಆರು ಎಕರೆ ಸಿಕ್ಕಿತು. ಉಳಿದಿದ್ದರಲ್ಲಿ ಬಾಡಿಗೆಗೆ ಎರಡು ಮನೆ ಕಟ್ಟಿಸಿದೆ. ನಾನು ಸುಖವಾಗಿದ್ದೇನೆ. ಹೌದು, ಸುಖವಾಗಿದ್ದೇನೆ, ಅದನ್ನು ಹೇಳೋಕೆ ನಾಚಿಕೆ ಯಾಕೆ?

ಬೇಸಾಯದ ಮೇಲೆ ಕವಿತೆ ಬರೆಯುವವರು ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಕರೆಂಟ್ ಬಂತು ಅಂತ ಟಾರ್ಚು ಹಿಡಿದು ಮೋಟಾರ್ ಹಾಕೋಕೆ ಹೋಗಿದ್ದಾರಾ? ನಾನು ಹೋಗಿದ್ದೇನೆ. ಕಾಲಡಿ ಏನಿದೆ ಅಂತ ನೋಡಿಕೊಂಡು ಹೆಜ್ಜೆ ಇಡಬೇಕು. 1,200 ಅಡಿ ಕೊರೆಸಿ ಬರೀ ಧೂಳು ಮೇಲೆ ಬಂದಾಗ ರಿಗ್ ಲಾರಿಯವನು ಇಂಜಿನ್ ಆಫ್ ಮಾಡುತ್ತಾನಲ್ಲ, ಆ ಹೊತ್ತಿಗೆ ಮನೆಯವರ ಮುಖ ನೋಡೋಕೆ ಆಗಲ್ಲ. ಅಡಿಗೆ ಇಷ್ಟು ಅಂತ ಬಿಲ್ಲು ಮಾತ್ರ ನಿಲ್ಲಲ್ಲ. ಈಗ ಬೆಳೆ ಹೋದರೂ ಬಾಡಿಗೆ ಬರುತ್ತೆ. ತಿಂಗಳ ಐದನೇ ತಾರೀಕಿಗೆ ಅಕೌಂಟಿಗೆ ಬೀಳುತ್ತೆ. ನಿದ್ದೆ ಬರುತ್ತೆ ಸ್ವಾಮಿ ನಿದ್ದೆ. ಅದಕ್ಕಿಂತ ದೊಡ್ಡ ನೆಮ್ಮದಿ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ನಾನು ಮಾರಿದ ವಾರವೇ ಕಾರು ತಗೊಳ್ಳಲಿಲ್ಲ. ಮೊದಲು ಜಮೀನು ಹುಡುಕಿ, ಆಮೇಲೆ ಮಾರಿದೆ. ಉಲ್ಟಾ ಮಾಡಿದವರ ಕಥೆಯೇ ಮೇಲೆ ಇರೋದು.

ಚಕ್ಕೋತ

ಸೀನಣ್ಣ, ಹಾಗಾದ್ರೆ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು ಮೂರು ವರ್ಷಕ್ಕಿಂತ ಜಾಸ್ತಿ ಧರಣಿ ಕೂತಿದ್ದು ಯಾಕೆ? 1,777 ಎಕರೆ, ಏರೋಸ್ಪೇಸ್ ಪಾರ್ಕಿಗೆ ಅಂತ. ಪರಿಹಾರ ಬರುತ್ತಿತ್ತು, ಆದರೂ ಬೇಡ ಅಂದರು. 2025ರ ಜುಲೈಯಲ್ಲಿ ಸರ್ಕಾರವೇ ಭೂಸ್ವಾಧೀನ ಕೈಬಿಟ್ಟಿತು. ಅವರಿಗೇನು ಕೋಟಿ ಬೇಡವಾಗಿತ್ತಾ? ದುಡ್ಡಿಗಿಂತ ದೊಡ್ಡದು ಏನೋ ಇತ್ತು ಅಂತ ತಾನೇ?

ಸೀನ ಗೌರಿಬಿದನೂರು

ಬೇಡ ಅನ್ನುವ ಹಕ್ಕು ಅವರಿಗಿದೆ, ಗೆದ್ದರು, ನನಗೂ ಖುಷಿಯಾಯಿತು. ಆದರೆ ಅದೇ ಸಮಯದಲ್ಲಿ ನಾವು ಕೊಡುತ್ತೇವೆ ಅಂತ ಹೇಳಿದ ರೈತರೂ ಇದ್ದರು. ಇಷ್ಟವಿದ್ದವರು ಕೊಡಬಹುದು, ಜಾಸ್ತಿ ಪರಿಹಾರ ಕೊಡುತ್ತೇವೆ ಅಂತ ಮುಖ್ಯಮಂತ್ರಿಗಳೂ ಅವತ್ತೇ ಹೇಳಿದ್ದರು. ಎಲ್ಲ ರೈತರ ಮನಸ್ಸು ಒಂದೇ ಅಂತ ತಿಳಿಯಬೇಡಿ. ಯಾರೋ ಬಂದು ಕಿತ್ತುಕೊಳ್ಳೋದು ಬೇರೆ, ನಾನೇ ಕೂತು ಲೆಕ್ಕ ಹಾಕಿ ಮಾರೋದು ಬೇರೆ. ಇಲ್ಲಿ ಪ್ರಶ್ನೆ ಕೇಳಿದವರ ಮನೆಯಲ್ಲಿ ಅಪ್ಪನಿಗೆ ಇದು ಮೊದಲನೆಯದರ ಥರ ಕಾಣುತ್ತಿದೆ, ಮಕ್ಕಳಿಗೆ ಎರಡನೆಯದರ ಥರ. ಅಷ್ಟೇ ಜಗಳ.

ಮೇಷ್ಟ್ರು ಕೋಲಾರ

ನಾನು ಅರ್ಥಶಾಸ್ತ್ರ ಪಾಠ ಮಾಡುವವನು. ಉಪದೇಶ ಬೇಡ ಅಂದಿದ್ದಾರೆ, ಆದ್ದರಿಂದ ಬೇರೆ ಕಡೆ ಜನ ಏನು ನೋಡಿದ್ದಾರೆ ಅಂತ ಮಾತ್ರ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. "ನಿನ್ನೆ ದಿನ ಹೇಗಿತ್ತು, ನಕ್ಕೆಯಾ, ಚಿಂತೆ ಇತ್ತಾ" ಅಂತ ಕೇಳೋದು ಒಂದು ಪ್ರಶ್ನೆ. "ಒಟ್ಟಾರೆ ನಿನ್ನ ಬದುಕು ನಿನಗೆ ತೃಪ್ತಿ ಕೊಟ್ಟಿದೆಯಾ" ಅಂತ ಕೇಳೋದು ಇನ್ನೊಂದು. ಎರಡಕ್ಕೂ ಒಬ್ಬನೇ ಮನುಷ್ಯ ಬೇರೆ ಬೇರೆ ಉತ್ತರ ಕೊಡುತ್ತಾನೆ. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅನ್ನುವ ಸಂಶೋಧಕರು ಅಮೆರಿಕದ ಲಕ್ಷಾಂತರ ಉತ್ತರಗಳನ್ನು ನೋಡಿ ಹೇಳಿದ್ದು ಇದನ್ನೇ. ಆದಾಯ ಏರಿದ ಹಾಗೆ ಎರಡನೇ ಪ್ರಶ್ನೆಯ ಉತ್ತರ ಏರುತ್ತಲೇ ಇತ್ತು, ಮೊದಲನೆಯದು ವರ್ಷಕ್ಕೆ ಸುಮಾರು 75,000 ಡಾಲರ್ ಆದ ಮೇಲೆ ನಿಂತುಬಿಟ್ಟಿತು. ಆ 75,000 ಅನ್ನೋ ಅಂಕಿ ಜಗತ್ತೆಲ್ಲ ಸುತ್ತಿತು. ಇವತ್ತಿಗೂ ವಾಟ್ಸಾಪಲ್ಲಿ ಬರುತ್ತೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅನ್ನುವವರು ಜನರ ಫೋನಿಗೇ ದಿನದಲ್ಲಿ ಆಗಾಗ "ಈಗ ಹೇಗಿದ್ದೀರಿ" ಅಂತ ಕೇಳಿ ಲೆಕ್ಕ ಹಾಕಿದರು. ಅವರಿಗೆ ಖುಷಿ ಎಲ್ಲೂ ನಿಂತಿದ್ದು ಕಾಣಲಿಲ್ಲ. ಆಮೇಲೆ ಇವರೂ ಕಾನೆಮನ್ನೂ ಜಗಳ ಆಡೋ ಬದಲು ಜೊತೆಗೆ ಕೂತು 2023ರಲ್ಲಿ ಒಂದು ಪ್ರಬಂಧ ಬರೆದರು. ಬಹುತೇಕ ಜನಕ್ಕೆ ದುಡ್ಡು ಜಾಸ್ತಿಯಾದಂತೆ ಖುಷಿಯೂ ಜಾಸ್ತಿಯಾಗುತ್ತೆ. ತೀರಾ ಬೇಸರದಲ್ಲಿರುವ ಒಂದು ಗುಂಪಿಗೆ ಮಾತ್ರ ಒಂದು ಮಟ್ಟದ ಮೇಲೆ ದುಡ್ಡು ಕೆಲಸ ಮಾಡಲ್ಲ. ಅವರ ನೋವು ದುಡ್ಡಿಂದ ವಾಸಿಯಾಗುವ ಜಾತಿಯದ್ದಲ್ಲ, ಅಷ್ಟೇ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಏರಿಕೆ ಅಂದ್ರೆ ರೂಪಾಯಿ ಲೆಕ್ಕದ ಏರಿಕೆ ಅಲ್ಲ. ತಿಂಗಳಿಗೆ 20 ಸಾವಿರ ಇದ್ದವನಿಗೆ 40 ಆದಾಗ ಎಷ್ಟು ಖುಷಿಯೋ, 2 ಲಕ್ಷ ಇದ್ದವನಿಗೆ ಅಷ್ಟೇ ಖುಷಿ ಆಗಬೇಕಾದರೆ 4 ಲಕ್ಷ ಆಗಬೇಕು. ಆದ್ದರಿಂದ ಮೊದಲ ಕೋಟಿ ಮಾಡುವ ಕೆಲಸವನ್ನು ಐದನೇ ಕೋಟಿ ಮಾಡಲ್ಲ.

ನಿಮ್ಮ ಪ್ರಶ್ನೆಗೆ ಹತ್ತಿರ ಇರೋದು ಸ್ವೀಡನ್ನಿನ ಒಂದು ಅಧ್ಯಯನ, 2020ರಲ್ಲಿ ಪ್ರಕಟವಾಯಿತು. ದುಡಿಯದೆ ಒಮ್ಮೆಗೇ ಬಂದ ದೊಡ್ಡ ದುಡ್ಡು ಏನು ಮಾಡುತ್ತೆ ಅಂತ ನೋಡೋಕೆ, ಲಾಟರಿ ಹೊಡೆದವರನ್ನು ಐದು ವರ್ಷದಿಂದ ಇಪ್ಪತ್ತೆರಡು ವರ್ಷ ಆದ ಮೇಲೆ ವಿಚಾರಿಸಿದರು. ಬದುಕಿನ ಬಗ್ಗೆ ತೃಪ್ತಿ ನಿಜವಾಗಿಯೂ ಜಾಸ್ತಿಯಾಗಿತ್ತು, ಹತ್ತು ವರ್ಷ ಕಳೆದರೂ ಆ ತೃಪ್ತಿ ಕರಗಿರಲಿಲ್ಲ. ಎಲ್ಲ ಉಡಾಯಿಸಿ ಬೀದಿಗೆ ಬಂದರು ಅನ್ನೋದೂ ಕಾಣಲಿಲ್ಲ. ಆದರೆ ದಿನನಿತ್ಯದ ಖುಷಿಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಅಂದ್ರೆ ಸೀನ ಅವರು ಹೇಳಿದ್ದೂ ನಿಜ, ಹಳೇ ರನ್‌ವೇ ಅವರ ದೊಡ್ಡಪ್ಪ ಗೇಟ್ ಮುಂದೆ ನಿಂತಿದ್ದೂ ನಿಜ. ಬೆಳಗ್ಗೆ ಎದ್ದು ಏನು ಮಾಡಬೇಕು ಅನ್ನೋದು ಬ್ಯಾಂಕ್ ಪಾಸ್‌ಬುಕ್ಕಲ್ಲಿ ಬರೆದಿರಲ್ಲ.

ಇನ್ನೊಂದು ನಮ್ಮ ಪಕ್ಕದ್ದೇ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಕಟಾವಾದ ಮೇಲೆ ಪರೀಕ್ಷೆ ಮಾಡಿದ್ದರು, 2013ರಲ್ಲಿ ಬಂತು. ಕಟಾವಿಗೆ ಮುಂಚೆ ಕೈ ಖಾಲಿ, ಒಡವೆ ಅಡ ಇಟ್ಟಿರುತ್ತಾರೆ. ಅದೇ ಮನುಷ್ಯ, ಆದರೆ ದುಡ್ಡಿನ ಚಿಂತೆ ಇದ್ದಾಗ ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದ, ದುಡ್ಡು ಬಂದ ಮೇಲೆ ಸುಧಾರಿಸಿದ. ಇದನ್ನು ಯಾಕೆ ಹೇಳಿದೆ ಅಂದ್ರೆ, ನಿಮ್ಮ ಮನೆಯ ನಾಲ್ಕು ಲಕ್ಷ ಬೋರಿನ ಸಾಲ ಸಣ್ಣ ವಿಷಯ ಅಲ್ಲ. ಕೋಟಿ ಬಗ್ಗೆ ಮಾತಾಡೋ ಭರದಲ್ಲಿ ಅದನ್ನು ಪಕ್ಕಕ್ಕೆ ಇಟ್ಟಿದ್ದೀರಿ. ನನ್ನ ಪ್ರಕಾರ ಮೊದಲು ತೀರಬೇಕಾದ್ದು ಅದು. ಅದು ಮೂರೂವರೆ ಎಕರೆ ಮಾರಿದರೇ ತೀರಬೇಕು ಅಂತೇನೂ ಇಲ್ಲ.

ಕುಂದಾಪುರ ಟು ಅಬುಧಾಬಿ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ನಾನು ಜಮೀನು ಮಾರಿದವನಲ್ಲ, ದುಡ್ಡಿಗೆ ಬೆನ್ನು ಹತ್ತಿ ಬಂದವನು. ನನ್ನದೂ ಒಂದಿಷ್ಟು ಉಂಟು.

ಇಲ್ಲಿಗೆ ಬರುವಾಗ ಲೆಕ್ಕ ಸ್ಪಷ್ಟ ಇತ್ತು. ಅಣ್ಣನ ಸಾಲ ತೀರಿಸುವುದು, ಹೆಂಚಿನ ಮನೆ ತೆಗೆದು ತಾರಸಿ ಹಾಕುವುದು, ವಾಪಸ್ ಹೋಗುವುದು. ಸಾಲ ತೀರಿತು. ಆ ದಿನ ಆದ ಖುಷಿ ಆಮೇಲೆ ಯಾವತ್ತೂ ಆಗಲಿಲ್ಲ ಮಾರಾಯ್ರೆ, ರೂಮಿನವರಿಗೆಲ್ಲ ಬಿರಿಯಾನಿ ತರಿಸಿದ್ದೆ. ತಾರಸಿಯೂ ಆಯಿತು. ಅಷ್ಟರಲ್ಲಿ ಪಕ್ಕದ ಮನೆಯವರು ಮಹಡಿ ಎಬ್ಬಿಸಿದ್ದರು. ಅವರ ಮಗ ಕತಾರಿನಲ್ಲಿ. ಸರಿ, ನಾವೂ ಮಹಡಿ. ಆಮೇಲೆ ಉಡುಪಿಯಲ್ಲೊಂದು ಫ್ಲ್ಯಾಟ್, ಇರಲಿ ಅಂತ. ಪ್ರತಿ ಸಲ "ಇನ್ನೆರಡು ವರ್ಷ" ಎಂದು ಹೆಂಡತಿಗೆ ಹೇಳಿದೆ. ಈಗ ಅವಳು ಕೇಳುವುದನ್ನೇ ಬಿಟ್ಟಿದ್ದಾಳೆ. ಮಹಡಿಯಲ್ಲಿ ಯಾರೂ ಮಲಗುವುದಿಲ್ಲ, ಅಲ್ಲಿ ಅಡಿಕೆ ಒಣಗಿಸುತ್ತಾರೆ.

ನನ್ನ ಅನುಭವದಲ್ಲಿ ತಲೆಯ ಮೇಲೆ ಒಂದು ಚಿಂತೆ ಇದ್ದು, ಅದನ್ನು ಇಳಿಸಲು ದುಡಿದ ದುಡ್ಡು ಸುಖ ಕೊಟ್ಟಿತು. ಪಕ್ಕದ ಮನೆ ನೋಡಿ ದುಡಿದದ್ದು ಕೊಡಲಿಲ್ಲ, ಏಕೆಂದರೆ ಪಕ್ಕದ ಮನೆಯವನೂ ಸುಮ್ಮನೆ ಕೂತಿರುವುದಿಲ್ಲವಲ್ಲ. ನೀವು ಅಪ್ಪನಿಗೆ ಹೇಳಿದ ಪಟ್ಟಿಯಲ್ಲಿ ಯಾವುದು ಯಾವ ಬಗೆಯದ್ದು ಅಂತ ನೀವೇ ನೋಡಿಕೊಳ್ಳಿ. ಬೇಜಾರಾಗಬೇಡಿ, ತಮ್ಮನ ಕಾರು ನನ್ನ ಮಹಡಿ ಥರವೇ ಕಾಣುತ್ತದೆ.

ಬಯಲುಸೀಮೆ ಮಗ

ಬೇಜಾರು ಏನಿಲ್ಲ ಸಾರ್. ಎಲ್ಲರಿಗೂ ಥ್ಯಾಂಕ್ಸ್. ಒಂದು ಮಾತು ಮಾತ್ರ. ತಮ್ಮನ ಕಾರು ಶೋಕಿ ಅಂತ ಹೇಳೋದು ಸುಲಭ. ಅವನು ದಿನಾ ಬೇರೆಯವರ ಕಾರಿನಲ್ಲಿ ಬೇರೆಯವರನ್ನು ಕೂರಿಸಿಕೊಂಡು ಓಡಿಸುತ್ತಾನೆ, ದಿನದ ಬಾಡಿಗೆ ಮಾಲೀಕನಿಗೆ ಕಟ್ಟುತ್ತಾನೆ. ಅವನಿಗೆ ಸ್ವಂತ ಗಾಡಿ ಅಂದ್ರೆ ಮಹಡಿ ಅಲ್ಲ, ಹೊಟ್ಟೆಪಾಡು. ನೋಡಿಟ್ಟಿರೋದು ಸ್ವಲ್ಪ ದೊಡ್ಡ ಕಾರು, ಅದನ್ನು ಒಪ್ಪುತ್ತೇನೆ.

ಶಿಡ್ಲಘಟ್ಟದ ಅಕ್ಕ

ಇಷ್ಟು ಹೊತ್ತು ಓದಿದೆ. ಅಪ್ಪ ಏನಂದರು, ತಮ್ಮ ಏನಂದ, ದೊಡ್ಡಪ್ಪ ಏನು ಮಾಡಿದರು. ನಿಮ್ಮ ಅಮ್ಮ ಏನಂತಾರೆ ತಮ್ಮಾ? ಒಂದು ಸಾಲಾದರೂ ಬರೆದಿದ್ದೀಯಾ?

ನಾನು ಹುಳದ ಮನೆಯಲ್ಲೇ ಬೆಳೆದವಳು, ಈಗಲೂ 100 ಮೊಟ್ಟೆ ಮೇಯಿಸುತ್ತೇನೆ (ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು, ಒಂದೊಂದರಲ್ಲೂ ನೂರಾರು ಹುಳ). ಚೆನ್ನಾಗಿ ಬಂದರೆ 60-70 ಕೆಜಿ ಗೂಡು. ಕೆಜಿಗೆ 700 ಸಿಕ್ಕಿದ್ದೂ ಇದೆ, ರೇಟು ಬಿದ್ದು ಕಣ್ಣೀರು ಹಾಕಿಕೊಂಡು ಮಾರ್ಕೆಟ್ಟಿಂದ ಬಂದಿದ್ದೂ ಇದೆ. ಗಂಡಸರು ಗೂಡು ಮಾರ್ಕೆಟ್ಟಿಗೆ ತಗೊಂಡು ಹೋಗುತ್ತಾರೆ, ಹರಾಜು ಕೂಗಿಸುತ್ತಾರೆ, ದುಡ್ಡು ಎಣಿಸಿಕೊಂಡು ಬರುತ್ತಾರೆ. ಮನೆಯೊಳಗೆ ಹುಳ ನೋಡೋದು ಯಾರು? ನಾಲ್ಕನೇ ಜ್ವರ, ಅಂದ್ರೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಒಂದು ವಾರ ನಿದ್ದೆ ಅನ್ನೋದು ಇಲ್ಲ. ರಾತ್ರಿ ಹನ್ನೊಂದಕ್ಕೆ ಸೊಪ್ಪು ಹಾಕಿ ಮಲಗಿದರೆ ಬೆಳಗಿನ ಜಾವ ಮತ್ತೆ. ಕಸ ತೆಗೆಯಬೇಕು, ಸುಣ್ಣ ಉದುರಿಸಬೇಕು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡಬೇಕು. ಆ ದಿನಗಳಲ್ಲಿ ಅಡುಗೆ ಮಾಡೋಕೂ ಕೈ ಬಿಡುವಿರಲ್ಲ, ಬೆಳಗಿನ ಮುದ್ದೆಯೇ ರಾತ್ರಿಗೂ. ಮಂಡಿ ನೋವು, ಸೊಂಟ ನೋವು, ಕೆಮ್ಮು, ಎಲ್ಲ ಉಚಿತ.

ನಿಮ್ಮ ಅಪ್ಪನಿಗೆ ಬೆಳಗ್ಗೆ ಎದ್ದು ಮಾಡೋಕೆ ಕೆಲಸ ಬೇಕು, ಒಪ್ಪಿಕೊಳ್ಳೋಣ. ನಿಮ್ಮ ಅಮ್ಮನಿಗೆ ಒಂದು ದಿನ ಬೆಳಗ್ಗೆ ಏಳದೆ ಮಲಗಿರಬೇಕು ಅನಿಸಿರಬಹುದಲ್ವಾ? ಸುಖ ಯಾರದ್ದು ಅಂತ ಕೇಳದೆ, ದುಡ್ಡಲ್ಲಿ ಸುಖ ಇದೆಯಾ ಇಲ್ವಾ ಅಂತ ಊರೆಲ್ಲ ಕೂತು ಚರ್ಚೆ ಮಾಡಿದರೆ ಆಗೋದೇನು.

ಇನ್ನೊಂದು, ತಂಗಿ. ತಾತನಿಂದ ಬಂದ ಆಸ್ತಿ ಅಂದಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿತು. ಅವಳ ಸಹಿ ಇಲ್ಲದೆ ತಿಳಿದವನು ಯಾರೂ ಕೊಳ್ಳಲ್ಲ. ಸಹಿಗೆ ಅಂತ ಕೊನೇ ದಿನ ಕರೆಸಿ, ಸೀರೆ ಕೊಟ್ಟು ಕಳಿಸುವ ಪ್ಲಾನ್ ಇದ್ದರೆ ಈಗಲೇ ಬಿಡಿ. ಮೇಲೆ ಅತ್ತೆಯರ ಕೇಸಿನ ಕಥೆ ಓದಿದಿರಲ್ಲ.

ಹಳೇ ರನ್‌ವೇ

ಅಕ್ಕಾ, ನೂರಕ್ಕೆ ನೂರು. ನಮ್ಮ ಮನೆಯಲ್ಲಿ ಮಾರಿದ್ದರಿಂದ ನಿಜಕ್ಕೂ ಸುಖ ಕಂಡವರು ಅಂದ್ರೆ ಅಮ್ಮ, ದೊಡ್ಡಮ್ಮ. ಇಷ್ಟು ಬರೆದರೂ ಅವರ ಹೆಸರು ನನಗೆ ಆಪರೇಷನ್ ವಿಷಯಕ್ಕೆ ಬಿಟ್ಟು ಬರಲಿಲ್ಲ ನೋಡಿ.

ಕೌಂಟರ್ ನಂ. 3

ನಾನು ಬ್ಯಾಂಕಿನಲ್ಲಿ ಇರುವವನು. ಜಮೀನು ಮಾರಿದ ದುಡ್ಡು ಹಿಡಿದು ಬರುವವರನ್ನು ವಾರ ವಾರ ನೋಡುತ್ತೇನೆ. ಸುಖದ ಬಗ್ಗೆ ನನಗೆ ಗೊತ್ತಿಲ್ಲ, ಲೆಕ್ಕ ಹೇಳುತ್ತೇನೆ.

"ಬಡ್ಡಿಯಲ್ಲಿ ಆರಾಮಾಗಿರಬಹುದು" ಅಂದಿರಿ. ಒಂದು ಕೋಟಿ ಎಫ್‌ಡಿ ಇಟ್ಟು ನೂರಕ್ಕೆ ಆರೂವರೆ ಬಡ್ಡಿ ಅಂದುಕೊಳ್ಳಿ. ವರ್ಷಕ್ಕೆ 6.5 ಲಕ್ಷ, ತಿಂಗಳಿಗೆ ಸುಮಾರು 54 ಸಾವಿರ. ಇವತ್ತಿಗೆ ಚೆನ್ನಾಗಿದೆ. ಬಡ್ಡಿ ಪೂರ್ತಿ ತಿಂದರೆ ಆ ಕೋಟಿ ಬೆಳೆಯಲ್ಲ, ಹದಿನೈದು ವರ್ಷ ಆದ ಮೇಲೂ ಅದೇ 54 ಸಾವಿರ ಬರುತ್ತೆ, ಆಗ ಅಕ್ಕಿ ರೇಟು ಎಷ್ಟಿರುತ್ತೋ. ಮೂರು ಮಕ್ಕಳು, ಅಪ್ಪ ಅಮ್ಮ ಅಂತ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಅಂತ ಬರೆದು ನೋಡಿ. ಕೋಟಿ ಅನ್ನೋ ಪದ ಕಿವಿಗೆ ದೊಡ್ಡದು, ಹಂಚಿದ ಮೇಲೆ ಅಷ್ಟು ದೊಡ್ಡದಲ್ಲ.

ತೆರಿಗೆ ವಿಷಯ. ಬೇಸಾಯದ ಜಮೀನು ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತ ಬ್ರೋಕರ್ ಹೇಳುತ್ತಾನೆ, ನಂಬಬೇಡಿ. ಹತ್ತಿರದ ಪುರಸಭೆ ಗಡಿಯಿಂದ ಎಷ್ಟು ದೂರ, ಅಲ್ಲಿನ ಜನಸಂಖ್ಯೆ ಎಷ್ಟು ಅನ್ನೋದರ ಮೇಲೆ ಅದು ತೀರ್ಮಾನ ಆಗುತ್ತೆ. ತೆರಿಗೆ ಬೀಳುವ ಹಾಗಿದ್ದರೂ, ಎರಡು ವರ್ಷದೊಳಗೆ ಬೇರೆ ಕಡೆ ಬೇಸಾಯದ ಜಮೀನು ಕೊಂಡರೆ ವಿನಾಯಿತಿ ಇದೆ. ಸೀನ ಅವರು ಮಾಡಿದ್ದು ಆ ಲೆಕ್ಕದಲ್ಲೂ ಸರಿ. ಅಡ್ವಾನ್ಸ್ ತಗೊಳ್ಳುವ ಮೊದಲೇ ಒಬ್ಬ ಆಡಿಟರ್ ಹತ್ತಿರ ಹೋಗಿ.

ಮತ್ತೆ, ಬ್ರೋಕರ್ ಹೆಸರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರ) ಮಾತ್ರ ಮಾಡಿಕೊಡಬೇಡಿ. ಎಷ್ಟೇ ಪರಿಚಯದವನಾಗಿರಲಿ.

ಬಯಲುಸೀಮೆ ಮಗ

ಭಾನುವಾರ ಊರಿಗೆ ಹೋಗಿದ್ದೆ. ಅಕ್ಕ ಹೇಳಿದ ಹಾಗೆ ಅಮ್ಮನ ಹತ್ತಿರ ಕೂತು ಕೇಳಿದೆ. ಮೊದಲು "ನಂದೇನೈತೆ, ನಿಮ್ಮಪ್ಪ ಹೇಳಿದಂಗೆ" ಅಂದರು. ಬಿಡದೆ ಕೇಳಿದ ಮೇಲೆ ಹೊರಗೆ ಬಂತು. ಅವರಿಗೆ ಜಮೀನು ಮಾರಬೇಕು ಅಂತಿಲ್ಲ. ಹುಳ ನಿಲ್ಲಿಸಬೇಕು ಅಂತಿದೆ. ಎಷ್ಟೋ ವರ್ಷದಿಂದ ಅನಿಸುತ್ತಿತ್ತಂತೆ, ಯಾರಿಗೂ ಹೇಳಿಲ್ಲ. ಬೆಂಗಳೂರಿಗೆ ಬಂದು ನಮ್ಮ ಜೊತೆ ಇರುತ್ತೀಯಾ ಅಂದೆ, ನಿಮ್ಮ ಮನೆಯಲ್ಲಿ ಬಾಗಿಲು ತೆಗೆದರೆ ಎದುರು ಮನೆ ಬಾಗಿಲು, ನನಗಾಗಲ್ಲ ಅಂದರು. ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. "ಮೊದಲೇ ಹೇಳಬಾರದಿತ್ತಾ?" ಅಂದರು. ಅಮ್ಮ, "ನೀನ್ ಯಾವಾಗ ಕೇಳ್ದೆ?" ಅಂದರು. ಆಮೇಲೆ ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ.

ತಂಗಿಗೂ ಫೋನ್ ಮಾಡಿದೆ. "ನನ್ ಪಾಲು ಇವತ್ತು ನೆನಪಾಯ್ತಾ?" ಅಂತ ನಕ್ಕಳು. ಅವಳ ಗಂಡನಿಗೆ ಅಂಗಡಿ ಹಾಕೋಕೆ ದುಡ್ಡು ಬೇಕಿತ್ತಂತೆ, ಬಾಯಿಬಿಟ್ಟು ಕೇಳಿರಲಿಲ್ಲ.

ಈಗ ಮಾತು ಎಲ್ಲಿಗೆ ಬಂದು ನಿಂತಿದೆ ಅಂದ್ರೆ, ರಸ್ತೆ ಪಕ್ಕದ ಒಂದು ಎಕರೆ ರಾಗಿ ಹೊಲ ಮಾತ್ರ ಮಾರೋದು. ಸಾಲ ತೀರಿಸಿ, ತಂಗಿಗೆ ಅವಳ ಪಾಲು ಕೊಟ್ಟು, ತಮ್ಮನಿಗೆ ಒಂದು ಗಾಡಿ, ದೊಡ್ಡದಲ್ಲ, ಟ್ಯಾಕ್ಸಿಗೆ ಆಗುವಂಥದ್ದು. ಉಳಿದಿದ್ದು ಅಪ್ಪ ಅಮ್ಮನ ಹೆಸರಲ್ಲಿ. ಹಿಪ್ಪುನೇರಳೆ ತೋಟ ಇರಲಿ, ಹುಳ ಮೇಯಿಸದೆ ಸೊಪ್ಪು ಮಾರಬಹುದು ಅಂತ ಅಪ್ಪನೇ ಹೇಳಿದರು. ನಮ್ಮ ಕಡೆ ಸೊಪ್ಪು ಕೊಳ್ಳುವವರು ಇದ್ದಾರೆ. ಕೊಯ್ದು ಕೊಡೋ ಕೆಲಸ ಅವರಿಗೆ ಇದ್ದೇ ಇರುತ್ತೆ.

ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಒಂದು ಎಕರೆ ಮಾರಿದರೆ ಉಳಿದಿದ್ದರ ರೇಟು ಬೀಳುತ್ತೆ ಅಂತ ಅವನ ತಲೆಗೆ ಬ್ರೋಕರ್ ತುಂಬಿದ್ದಾನೆ. ಹೌದಾ? ಒಂದೇ ಸರ್ವೆ ನಂಬರಲ್ಲಿ ಒಂದು ಭಾಗ ಮಾತ್ರ ಮಾರೋಕೆ ಏನೇನು ಬೇಕು?

ಸೀನ ಗೌರಿಬಿದನೂರು

ರೇಟು ಬೀಳಲ್ಲ. ಪೂರ್ತಿ ಮಾರಿಸಿದರೆ ಅವನಿಗೆ ಕಮಿಷನ್ ಜಾಸ್ತಿ, ಅದಕ್ಕೆ ಹೇಳುತ್ತಾನೆ. ಆದರೆ ರಸ್ತೆ ಕಡೆಯ ಭಾಗ ಪೂರ್ತಿ ಕೊಟ್ಟು ಹಿಂದಿನದಕ್ಕೆ ದಾರಿ ಇಲ್ಲದ ಹಾಗೆ ಮಾಡಿಕೊಂಡರೆ ಖಂಡಿತ ಬೀಳುತ್ತೆ. ಗಾಡಿ ಹೋಗುವಷ್ಟು ದಾರಿ ಬಿಟ್ಟುಕೊಂಡು, ಅದನ್ನು ಪತ್ರದಲ್ಲೇ ಬರೆಸಿ.

ಕೌಂಟರ್ ನಂ. 3

ಒಂದು ಭಾಗ ಮಾರೋಕೆ 11ಇ ನಕ್ಷೆ ಬೇಕು, ಅಂದ್ರೆ ಮಾರುವ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ. ಅದಿಲ್ಲದೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗಲ್ಲ. ನಾಡಕಚೇರಿಯಲ್ಲಿ ಮೋಜಿಣಿ (ಜಮೀನು ಅಳತೆ) ಅರ್ಜಿ ಕೊಡಿ. ಸರ್ವೇಯರ್ ಬರೋಕೆ ಸಮಯ ಹಿಡಿಯುತ್ತೆ, ಆದ್ದರಿಂದ ಅಗ್ರಿಮೆಂಟಿಗೆ ಮೊದಲೇ ಅರ್ಜಿ ಹಾಕಿಬಿಡಿ. ಅಳತೆ ದಿನ ಅಕ್ಕಪಕ್ಕದ ಹೊಲದವರೂ ಬಂದಿರುತ್ತಾರೆ. ಅವತ್ತು ನೀವಾಗಲಿ ತಮ್ಮನಾಗಲಿ ಮುಂದೆ ನಿಲ್ಲಬೇಡಿ, ಅಪ್ಪನನ್ನು ನಿಲ್ಲಿಸಿ. ಹಳೇ ಬದು ಎಲ್ಲಿತ್ತು, ಕಲ್ಲು ಎಲ್ಲಿ ನೆಟ್ಟಿದ್ದರು ಅಂತ ಅವರಿಗೇ ಗೊತ್ತಿರೋದು.